ಟ್ರಂಪೆಟ್ ಸುಮ್ಮನಿದ್ದ ಜಾಗ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡಿತು, ಸತ್ತ ಅತ್ತೆ ಬಾಗಿಲಿಗೆ ಬಂದು ನೀರು ಕೇಳಿದಳು ಅಂತ ಯಾರಾದರೂ ಶುರು ಮಾಡಿದರೆ ಸಣ್ಣ ಸಣ್ಣ ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಎಷ್ಟು ಗಂಟೆಗೆ? ಜೊತೆಗೆ ಯಾರಿದ್ದರು? ಅವತ್ತು ಜ್ವರ ಇತ್ತೇ? ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇತ್ತು. ತಾಯತ, ದೃಷ್ಟಿ, ಅಂತ್ರ ಒಂದೂ ನಮ್ಮಲ್ಲಿ ನಡೆಯುತ್ತಿರಲಿಲ್ಲ. ಅಂಜಿಕೆಯಾದರೆ ಎದ್ದು ದೀಪ ಹಚ್ಚಿ ನೋಡು ಅಂತ ಕಲಿಸಿದವನು ಅಪ್ಪನೇ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ಶಹಾಪುರದ ಸುತ್ತ ಕಾಲುವೆ ಕೆಲಸ ಜೋರಾಗಿ ನಡೆದಿತ್ತು. ಎಲ್ಲಿ ನೋಡಿದರೂ ಅಗೆದು ಹಾಕಿದ ಮಣ್ಣು, ಲಾರಿ, ಜೀಪು. ನೀರು ಬಂದ ಕಡೆ ಜನ ಜೋಳ ಬಿಟ್ಟು ಭತ್ತ ಹಚ್ಚಲು ಕಲಿಯುತ್ತಿದ್ದರು. ನಾನು ಕ್ಯಾಂಪಿನ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ಕಾಲುವೆಯ ನಕ್ಷೆಗಳ ಮೇಲೆ ತೆಳು ಹಾಳೆ ಹಾಸಿ ಮಸಿಯಲ್ಲಿ ತಿದ್ದುವ ಕೆಲಸ. ಕಣ್ಣು, ಕೈ ಎರಡೂ ನೆಟ್ಟಗಿರಬೇಕು. ನನ್ನ ಕಿವಿಯೂ ನೆಟ್ಟಗೇ ಇತ್ತು ಎಂದು ಇಲ್ಲಿಯೇ ಬರೆದಿಡುತ್ತೇನೆ.

ಯಂತ್ರಗಳ ಉಸ್ತುವಾರಿಗೆ ಪಿಂಟೋ ಸಾಹೇಬರು ಅಂತ ಒಬ್ಬರಿದ್ದರು. ಗೋವಾದ ಕಡೆಯವರು, ಒಂಟಿಯಾಗಿ ಕ್ವಾರ್ಟರ್ಸಿನಲ್ಲಿ ಇದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕೋಣೆಗೆ ಟೇಪ್ ರೆಕಾರ್ಡರ್ ತಂದು ಜಾಜ್ ಎಂಬ ಸಂಗೀತದ ಕ್ಯಾಸೆಟ್ ಹಾಕುತ್ತಿದ್ದರು. ಉಳಿದವರು ತಲೆನೋವು ಅಂತ ಡಬ್ಬಿ ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋಗುತ್ತಿದ್ದರು. ನಾನು ಕೂತಿರುತ್ತಿದ್ದೆ. ಅವರ ಬಳಿಯ ಒಂದು ಕ್ಯಾಸೆಟ್ ಅವರಿಗೆ ಜೀವಕ್ಕಿಂತ ಹೆಚ್ಚು. ಅದರಲ್ಲಿ ಪರದೇಶದ ಇಬ್ಬರು ದೊಡ್ಡ ವಾದಕರು, ಒಬ್ಬ ಕ್ಲಾರಿನೆಟ್, ಇನ್ನೊಬ್ಬ ಟ್ರಂಪೆಟ್, ಒಂದೇ ವೇದಿಕೆಯ ಮೇಲೆ ನುಡಿಸಿದ್ದರು. ಇಬ್ಬರೂ ಹತ್ತು ವರ್ಷ ಮಾತು ಬಿಟ್ಟವರು. ಯಾರೋ ಹೇಗೋ ಮಾಡಿ ಒಂದು ಸಂಜೆ ಇಬ್ಬರನ್ನೂ ಕೂಡಿಸಿದರು, ಕೇಳಲು ಬಂದವನೊಬ್ಬ ಗುಟ್ಟಾಗಿ ಟೇಪು ಮಾಡಿಕೊಂಡ. ಅದು ಅಂಗಡಿಗೆ ಎಂದೂ ಬರಲಿಲ್ಲ. ಕೈಯಿಂದ ಕೈಗೆ ನಕಲಾಗುತ್ತಾ, ಹಡಗಿನಲ್ಲಿ ಕೆಲಸ ಮಾಡುವ ಅವರ ತಮ್ಮನ ಮೂಲಕ ಶಹಾಪುರದವರೆಗೆ ಬಂದಿತ್ತು. ಸಂಗೀತ ನನಗೆ ಅಷ್ಟಾಗಿ ತಿಳಿಯಲಿಲ್ಲ. ಆದರೆ ಮಾತು ಬಿಟ್ಟ ಇಬ್ಬರು ಅಂದ ಕೂಡಲೇ ಅಪ್ಪ ನೆನಪಾದ.

ಅಪ್ಪನ ಹೆಸರು ಮರೆಪ್ಪ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಟ್ರಂಪೆಟ್ ಸುರಪುರದ ಯಂಕಪ್ಪ ಕಾಕಾನದು. ಈ ಜೋಡಿ ಸಿಗುವುದಿಲ್ಲ ಎಂದರೆ ಮದುವೆಯ ತಿಥಿಯನ್ನೇ ಮುಂದೆ ಹಾಕಿದ ಮನೆಗಳು ನನಗೆ ಗೊತ್ತು. ಸಣ್ಣವಳಿದ್ದಾಗ ನಾನೂ ಅವರ ಹಿಂದೆ ಮೆರವಣಿಗೆಯಲ್ಲಿ ನಡೆಯುತ್ತಿದ್ದೆ. ಯಂಕಪ್ಪ ಕಾಕಾ ಮುಂದೆ, ಅಪ್ಪ ಹಿಂದೆ. ಓಣಿ ಸಣ್ಣದಾಗಿ, ಜನ ನುಗ್ಗಿ, ಅಪ್ಪ ಹಿಂದೆ ಉಳಿದುಬಿಟ್ಟರೆ ಕಾಕಾ ಹಾಡಿನ ಮಧ್ಯದಲ್ಲೇ ನಾಲ್ಕು ಸ್ವರ ಊದುತ್ತಿದ್ದ. ಮೂರು ಮೇಲಕ್ಕೆ ಹತ್ತುತ್ತಿದ್ದವು, ಒಂದು ಕ್ಷಣ ನಿಲ್ಲುತ್ತಿತ್ತು, ನಾಲ್ಕನೆಯದು ಜಾರಿ ಕೆಳಗೆ ಬರುತ್ತಿತ್ತು. ಬಾ ಎಂದು ಅದರ ಅರ್ಥ. ಅದು ಯಾವ ಹಾಡಿನದೂ ಅಲ್ಲ, ಅವರಿಬ್ಬರೇ ಮಾಡಿಕೊಂಡದ್ದು. ಅದು ಕೇಳಿದ ಕೂಡಲೇ ಅಪ್ಪ ನನ್ನ ಕೈ ಬಿಟ್ಟು ಮುಂದೆ ಓಡುತ್ತಿದ್ದ.

ಅವರು ಅಗಲಿದ್ದು ಒಂದು ಊಟದ ಸಲುವಾಗಿ. ಹುಣಸಗಿ ಕಡೆಯ ಒಂದು ಮದುವೆಯಲ್ಲಿ ಬ್ಯಾಂಡಿನವರನ್ನು ಊಟಕ್ಕೆ ಕರೆದರು. ಯಂಕಪ್ಪ ಕಾಕಾನ ಜಾತಿಗೆ ಒಳಗೆ ಪಂಕ್ತಿಯಲ್ಲಿ ಜಾಗವಿತ್ತು. ಅಪ್ಪನಿಗೆ ಕೊಟ್ಟಿಗೆಯ ಪಕ್ಕ ಎಲೆ ಹಾಕಿದರು. ಅಪ್ಪ ಕಿಟಕಿಯಿಂದ ಒಳಗೆ ನೋಡಿದನಂತೆ. ಇಪ್ಪತ್ತು ವರ್ಷದ ಜೊತೆಗಾರ ತಲೆ ತಗ್ಗಿಸಿ ಉಣ್ಣುತ್ತಿದ್ದ, ತಲೆ ಎತ್ತಲಿಲ್ಲ. ಅಪ್ಪ ಎಲೆ ಬಿಟ್ಟು ಎದ್ದು, ವಾದ್ಯದ ಪೆಟ್ಟಿಗೆ ಹಿಡಿದು ಕತ್ತಲಲ್ಲಿ ನಡೆದೇ ಬಂದ. ಆಮೇಲೆ ಬ್ಯಾಂಡನ್ನೇ ಬಿಟ್ಟು ಅರಳೆ ಮಿಲ್ಲಿನಲ್ಲಿ ಕಾವಲಿಗೆ ಸೇರಿದ. ಆರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಕಾನ ಮೇಲೆ ಅಪ್ಪನಿಗಿಂತ ನನಗೇ ಹೆಚ್ಚು ಸಿಟ್ಟು ಇತ್ತು.

ಒಂದು ಶನಿವಾರ ಪಿಂಟೋ ಸಾಹೇಬರನ್ನು ಕಾಡಿ ಬೇಡಿ ಆ ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ಮನೆಗೆ ತಂದೆ. ಮರುದಿನ ಐತವಾರ. ಅವ್ವ ತವರುಮನೆಗೆಂದು ಮುದನಾಳಕ್ಕೆ ಹೋಗಿದ್ದಳು. ಉಂಡು, ತಾಟು ತೊಳೆದು, ಅಪ್ಪನನ್ನು ಹೊರಸಿನ ಮೇಲೆ ಕೂಡಿಸಿ ಟೇಪು ಹಚ್ಚಿದೆ. ಎರಡು ಗಂಟೆ ಹತ್ತಿರವಿತ್ತು. ಹೊರಗೆ ರಣರಣ ಬಿಸಿಲು.

ಮೊದಲು ಅಪ್ಪ ನಕ್ಕ. "ಹಾಡು ಹಿಡಿದಾರ, ಬಿಡಾಕ ತಯಾರಿಲ್ಲಲ್ಲ ಇವ್ರು" ಅಂದ. ಸ್ವಲ್ಪ ಹೊತ್ತಿನ ಮೇಲೆ ನಗುವುದು ನಿಂತಿತು. ಕಾಲು ತಾಳ ಹಾಕತೊಡಗಿತು. ವಾದಕರ ಜಗಳದ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಆದರೂ ಅಪ್ಪ ಕಣ್ಣು ಮುಚ್ಚಿಕೊಂಡೇ, "ಯವ್ವಾ, ಈ ಇಬ್ಬರ ನಡುವ ಮಾತಿಲ್ಲ ನೋಡು. ಮಾರಿ ನೋಡಾಕತ್ತಿಲ್ಲ. ಆದ್ರ ಒಬ್ಬನ ಉಸುರು ಒಬ್ಬಗ ಗೊತ್ತೈತಿ" ಅಂದ. ಇದರಲ್ಲಿ ವಿಚಿತ್ರವೇನೂ ಇಲ್ಲ. ಇಪ್ಪತ್ತು ವರ್ಷ ಊದಿದವನ ಕಿವಿ ಅದು.

ಆಮೇಲೆ ಟ್ರಂಪೆಟ್ ಸುಮ್ಮನಾಯಿತು. ಕ್ಲಾರಿನೆಟ್ ಒಂದೇ ಬಹಳ ಹೊತ್ತು ನಡೆಯಿತು. ಕೇಳುವವರಲ್ಲಿ ಯಾರೋ ಕೆಮ್ಮಿದ್ದು, ಗಾಜಿನ ಲೋಟ ಇಟ್ಟದ್ದು ಕೂಡ ಕೇಳುತ್ತಿತ್ತು. ಆಗ ಬಂತು. ಮೂರು ಸ್ವರ ಮೇಲಕ್ಕೆ, ನಿಂತಿತು, ನಾಲ್ಕನೆಯದು ಜಾರಿ ಕೆಳಗೆ. ನಾನು ಸ್ಪಷ್ಟವಾಗಿ ಕೇಳಿದೆ. ಅಪ್ಪ ಅಲುಗಾಡುವ ಮೊದಲೇ ನನ್ನ ಕೈ ಮೇಲಿನ ಕೂದಲು ಎದ್ದು ನಿಂತಿತ್ತು.

ಅಪ್ಪ ಹೊರಸಿನಿಂದ ಎದ್ದೇಬಿಟ್ಟ. "ಯಂಕ್ಯಾ" ಅಂದ. "ಯಂಕ್ಯಾ ಕರ್ಯಾಕತ್ತಾನ."

ಹಿಂದಕ್ಕೆ ತಿರುಗಿಸಿ ಕೇಳೋಣವೆಂದು ನಾನು ಗುಂಡಿ ಒತ್ತಲು ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಆಗ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು, ಅದಕ್ಕೆ ಬೇರೆ ಅರ್ಥ ಹಚ್ಚಬೇಕಾಗಿಲ್ಲ. ಅಪ್ಪ ಗೂಟದ ಮೇಲಿನ ಬಿಳಿ ಅಂಗಿ ತೆಗೆದು ತೊಟ್ಟುಕೊಂಡ. ಆರು ವರ್ಷದಿಂದ ಮುಟ್ಟದ ಕ್ಲಾರಿನೆಟ್ ಪೆಟ್ಟಿಗೆಯನ್ನು ಹೊರಸಿನ ಕೆಳಗಿನಿಂದ ಎಳೆದ. ಗುಂಡಿ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿದ.

"ನಿನಗೂ ಕೇಳಿಸ್ತು, ಹೌದಿಲ್ಲೋ?"

"ಇಲ್ಲಪ್ಪಾ" ಅಂದೆ. "ನನಗೇನೂ ಕೇಳಿಸ್ಲಿಲ್ಲ."

ಯಾಕೆ ಹಾಗಂದೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅಪ್ಪ ಆ ಮನುಷ್ಯನ ಬಾಗಿಲಿಗೆ ತಾನೇ ನಡೆದು ಹೋಗಿ ನಿಲ್ಲುವುದು ನನಗೆ ಬೇಡವಾಗಿತ್ತು. ಎಲೆ ಬಿಟ್ಟು ಎದ್ದವನು ಇವನು, ಬರಬೇಕಾದವನು ಅವನು. ಜೊತೆಗೆ ನನಗೆ ಹೆದರಿಕೆಯೂ ಆಗಿತ್ತು. ಕೇಳಿಸಿತು ಅಂದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

ಅಪ್ಪ ಕೂತ. ಎದ್ದ. ಬಾಗಿಲವರೆಗೆ ಹೋದ, ಪೆಟ್ಟಿಗೆ ಇಟ್ಟ, ಬಂದು ನೀರು ಕುಡಿದ. ಮೂರೂವರೆಗೆ ಸುರಪುರದ ಬಸ್ಸಿತ್ತು. ಮತ್ತೆ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಇಳಿದ. ನಾನು ಹಿಂದೆಯೇ ಹೋದೆ. ಬಿಸಿಲಿಗೆ ಕಾಲು ಸುಡುತ್ತಿತ್ತು. ಅದು ಪರದೇಶದ ಟೇಪು, ನೀನು ಹುಟ್ಟಿದ ಊರೂ ಅವರಿಗೆ ಗೊತ್ತಿಲ್ಲ ಅಂದೆ. ಕೇಳಲಿಲ್ಲ. ಊರ ಅಗಸೆ ಬಾಗಿಲು ದಾಟಿ ಹೋಗುತ್ತಿದ್ದವನನ್ನು ತಡೆದದ್ದು ನನ್ನ ಇನ್ನೊಂದು ಮಾತು.

"ಆವತ್ತ ಒಳಗ ಕುಂತು ಉಣ್ಣೂವಾಗ ಕರದನೇನು ಅಂವ ನಿನ್ನ?"

ಅಪ್ಪ ನಿಂತ. ತಿರುಗಿ ಬಂದ. ಪೆಟ್ಟಿಗೆಯನ್ನು ಹೊರಸಿನ ಕೆಳಗೆ ತಳ್ಳಿದ. ಅಂಗಿ ಬಿಚ್ಚಲಿಲ್ಲ. ಅದನ್ನು ತೊಟ್ಟುಕೊಂಡೇ ಸಂಜೆಯವರೆಗೆ ಒಳಗೂ ಹೊರಗೂ ತಿರುಗಾಡಿದ. ಪ್ರತಿ ಸಲ ಹಾರ್ನ್ ಕೇಳಿದಾಗ ರಸ್ತೆಯ ಕಡೆ ನೋಡುತ್ತಿದ್ದ. ನನಗೂ ಒಂದು ಕಡೆ ಕೂರಲು ಆಗಲಿಲ್ಲ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಸೋಮವಾರ ಕ್ಯಾಂಪಿಗೆ ಹೋಗಿ ಪಿಂಟೋ ಸಾಹೇಬರ ಎದುರಿಗೇ ಕ್ಯಾಸೆಟ್ ಹಾಕಿದೆ. ಅಲ್ಲಿ ಟ್ರಂಪೆಟ್ ಇರಲಿಲ್ಲ. ಕೆಮ್ಮು ಇತ್ತು, ಲೋಟ ಇಟ್ಟ ಸದ್ದು ಇತ್ತು, ಕ್ಲಾರಿನೆಟ್ ಇತ್ತು. ಮೂರು ಸಲ ತಿರುಗಿಸಿದೆ, ಎರಡೂ ಬದಿ ಕೇಳಿದೆ. ಆ ಕ್ಯಾಸೆಟ್ ಪೂರ್ತಿ ಬಾಯಿಪಾಠವಿದ್ದ ಸಾಹೇಬರು, "ಏನು ಹುಡುಕ್ತಾ ಇದ್ದೀಯಮ್ಮಾ? ಇಲ್ಲಿ ಅವನು ಊದೋದೇ ಇಲ್ಲ. ಸುಮ್ಮನೆ ನಿಂತಿರ್ತಾನೆ" ಅಂದರು.

ಎಂಟು ದಿನ ಕಳೆದ ಮೇಲೆ ಮಿಲ್ಲಿಗೆ ಹತ್ತಿ ತಂದ ಸುರಪುರದವನೊಬ್ಬ ಅಪ್ಪನಿಗೆ ಸುದ್ದಿ ಹೇಳಿದ. ಯಂಕಪ್ಪನಿಗೆ ಲಕ್ವಾ ಹೊಡೆದಿದೆ, ಮಾತು ಹೋಗಿದೆ. ಈ ಸಲ ನಾನು ತಡೆಯಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು.

ಕಾಕಾ ಗೋಡೆಗೆ ಒರಗಿ ಕೂತಿದ್ದ. ಬಾಯಿ ಒಂದು ಕಡೆ ಎಳೆದಿತ್ತು. ಅಪ್ಪನನ್ನು ಕಂಡು ಬಲಗೈ ಚಾಚಿದ, ಏನೋ ಹೇಳಲು ಹೋದ, ಗಂಟಲಿನಿಂದ ಬರೀ ಗೊರಗೊರ ಸದ್ದು ಬಂತು. ಅವನ ಸೊಸೆ ನೀರು ತಂದುಕೊಟ್ಟು ಅಪ್ಪನಿಗೆ ಹೇಳಿದಳು, "ಬುಧವಾರ ಲಕ್ವಾ ಹೊಡೀತ್ರಿ. ಅದರ ಹಿಂದಿನ ಐತವಾರ ಉಂಡು ಎದ್ದವರ ತುತ್ತೂರಿ ತಗದುಕೊಡು ಅಂದ್ರು. ಕಟ್ಟಿಮ್ಯಾಲ ಬಿಸಲಾಗ ಕುಂತು ಅದೊಂದನ್ನ ಊದೂದು, ಶಹಾಪುರ ಬಸ್ ಬಂತಂದ್ರ ಎದ್ದು ನೋಡೂದು. ಹೊತ್ತು ಮುಣಗೂತನಾ ಹಂಗ ಮಾಡಿದ್ರು. ಯಾಕ ಮಾಮಾ ಅಂದ್ರ, ಮರೆಪ್ಪ ಬರ್ತಾನ, ಅವಗೊಂದು ಮಾತು ಹೇಳೂದೈತಿ ಅಂದ್ರು."

ಎಷ್ಟು ಗಂಟೆಗೆ ಶುರು ಮಾಡಿದರು ಅಂತ ಕೇಳಿದೆ. ಎರಡಕ್ಕ ಇರಬೇಕ್ರಿ ಅಂದಳು. ಏನು ಊದಿದರು ಅಂತ ಕೇಳಿದೆ. ಹಾಡಲ್ಲ, ಬರೀ ಮೂರು ನಾಕು ದನಿ, ಕೊನೀದು ಅಳೂಹಂಗ ಕೆಳಗಿಳೀತಿತ್ತು ಅಂದಳು. ಮುಂದೆ ಪ್ರಶ್ನೆ ಕೇಳಲು ನನ್ನ ಬಳಿ ಏನೂ ಉಳಿಯಲಿಲ್ಲ.

ಅಪ್ಪ ನೆಲದ ಮೇಲೆ ಕೂತು ಕಾಕಾನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಕೇಳಿಸ್ತೋ ಯಂಕಪ್ಪಾ" ಅಂದ. "ನೀ ಕರದದ್ದು ಕೇಳಿಸ್ತು. ನಾನ ಬರಲಿಲ್ಲ." ಮಗಳು ತಡೆದಳು ಅನ್ನಲಿಲ್ಲ. ಕಾಕಾ ಮತ್ತೆ ಮತ್ತೆ ಬಾಯಿ ಆಡಿಸಿದ, ಸೆರಗಿನಿಂದ ಸೊಸೆ ಅದನ್ನು ಒರೆಸಿದಳು. ಅವನು ಹೇಳಬೇಕೆಂದಿದ್ದ ಮಾತು ಏನೆಂದು ನಾವು ಊಹಿಸಬಹುದು, ನಿಮಗೂ ಊಹೆ ಇರುತ್ತದೆ. ಆದರೆ ಅಪ್ಪನ ಕಿವಿಗೆ ಅದು ಬೀಳಲಿಲ್ಲ. ಮುಂದಿನ ತಿಂಗಳೇ ಕಾಕಾ ತೀರಿಕೊಂಡ.

ಇದಾಗಿ ಬಹಳ ವರ್ಷಗಳಾದವು. ನನ್ನ ಬುದ್ಧಿಗೆ ತೋಚಿದ ಎಲ್ಲ ಲೆಕ್ಕ ಹಾಕಿ ನೋಡಿದ್ದೇನೆ. ನಕಲಿನ ಮೇಲೆ ನಕಲಾದ ಟೇಪು, ಯಾವುದೋ ಹಳೆಯ ಸದ್ದು ಉಳಿದಿರಬೇಕು ಅಂದುಕೊಂಡೆ. ಅಪ್ಪನ ಆಸೆ ನನಗೂ ತಗುಲಿತು ಅಂದುಕೊಂಡೆ. ಯಾವುದೂ ಕೂಡಿ ಬರುವುದಿಲ್ಲ. ಸುರಪುರದ ಕಟ್ಟೆಯ ಮೇಲೆ ಊದಿದ್ದು ತಾಸು ದಾರಿಯ ಆಚೆ ಶಹಾಪುರದ ಒಂದು ಕೋಣೆಯಲ್ಲಿ ಹೇಗೆ ಕೇಳಿಸಿತೋ ನನಗೆ ತಿಳಿದಿಲ್ಲ. ಈಗ ಯಾರಾದರೂ ಬಿಳಿ ಸೀರೆಯ ಕಥೆ ತೆಗೆದರೆ ನಾನು ಪ್ರಶ್ನೆ ಕೇಳುವುದಿಲ್ಲ. ನಂಬುವುದೂ ಇಲ್ಲ.

ಆ ದಿನ ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನಿದ್ದೆ. ಹೊರಗೆ ಹೊಸದಾಗಿ ನೀರು ಹಾಯಿಸಿದ ಗದ್ದೆಗಳು. ನನ್ನ ಮುಖ ನೋಡಿ ಅಪ್ಪನಿಗೆ ಏನನ್ನಿಸಿತೋ, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಯವ್ವಾ. ನಿನಗ ಕೇಳಿಸಿದ್ದಿಲ್ಲ. ಕೇಳಿಸಿದ್ರ ನೀನ ಕಳಸ್ತಿದ್ದಿ ನನ್ನ."

ಬಸ್ಸು ಶಹಾಪುರ ಮುಟ್ಟುವವರೆಗೆ ನಾನು ಬಾಯಿ ತೆರೆಯಲಿಲ್ಲ. ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದ್ದ, ಆಗಲೂ ತೆರೆಯಲಿಲ್ಲ.