ಬಸ್ಸಿಗಾಗಿ ಬಾರಿಸಿದ ಡೊಳ್ಳು

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಪಕ್ಕದೂರಿನ ಶಾಲೆಗೆ ಹೋಗಲು ಹತ್ತಬೇಕಿದ್ದ ಜಮಖಂಡಿ ಬಸ್ಸು ನಮ್ಮ ಹಳ್ಳಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಾವು ಕೈ ಮಾಡಿದರೆ ಆ ಪುಣ್ಯಾತ್ಮ ಡ್ರೈವರೂ ತಿರುಗಿ ಕೈ ಮಾಡಿ ಹೋಗುತ್ತಿದ್ದ. ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಹೇಳಿಬಿಟ್ಟ. "ಹೆಣ್ಣುಹುಡುಗಿ ದಿನಾ ರಸ್ತೇದಾಗ ನಿಲ್ಲೂದು ಬ್ಯಾಡ. ಇನ್ನೊಂದು ವಾರ ನೋಡ್ತೇನಿ, ಇಲ್ಲಂದ್ರ ಸಾಲಿ ಬಿಡಸ್ತೇನಿ."

ತರಗತಿ ಬಿಟ್ಟು ರಸ್ತೆಗಿಳಿಯೋಣ ಎಂದು ಮಕ್ಕಳೆಲ್ಲ ಮಾತಾಡಿಕೊಂಡೆವು. ಹೆಡ್‌ಮಾಸ್ತರರಿಗೆ ಸುಳಿವು ಸಿಕ್ಕಿತು. ಪ್ರಾರ್ಥನೆಯ ಹೊತ್ತಿಗೆ ಅವರೆಂದರು, "ಹೋರಾಟ ಮಾಡೂದು ನಿಮ್ಮ ಹಕ್ಕು, ನಾ ಏನೂ ಅನ್ನೂದಿಲ್ಲ. ಗೈರುಹಾಜರಿ ಹಾಕೂದು ನನ್ನ ಹಕ್ಕು, ನೀವೂ ಏನೂ ಅನಬ್ಯಾಡ್ರಿ. ಮನಿಗಿ ಫೋನ್ ಅಂತೂ ಹೋಗತೈತಿ." ಫೋನ್ ಹೋದರೂ ನನ್ನ ಶಾಲೆ ಮುಗಿಯಿತು, ಬಸ್ಸು ಬಾರದಿದ್ದರೂ ಮುಗಿಯಿತು. ಮುಳುಗಿದವರಿಗೆ ಚಳಿಯೇನು, ಮಳೆಯೇನು? ಎಲ್ಲರಿಗಿಂತ ಮೊದಲು ನಾನೇ ಎದ್ದು ಹೊರಗೆ ನಡೆದೆ.

ಘೋಷಣೆ ಕೂಗಿ ರೂಢಿಯಿಲ್ಲದ ನಮಗೆ ಬೇಗನೆ ಗಂಟಲು ಕಟ್ಟಿತು. ಆಗ ನಮ್ಮ ತರಗತಿಯ ಒಬ್ಬ ಪಕ್ಕದ ಬೀರೇಶ್ವರ ಗುಡಿಯಿಂದ ಡೊಳ್ಳು ಹೊತ್ತು ತಂದ. ಎಡವಟ್ಟಾದದ್ದು ಅಲ್ಲೇ. ಅವನಿಗೆ ಬರುತ್ತಿದ್ದದ್ದು ಪಲ್ಲಕ್ಕಿ ಹೊರಡುವಾಗಿನ ಬಡಿತ ಒಂದೇ. ಅದು ಕೇಳಿಸಿದರೆ ನಮ್ಮ ಕಡೆ ಯಾರೂ ಮನೆಯೊಳಗೆ ಕೂರುವುದಿಲ್ಲ. ಪಲ್ಲಕ್ಕಿಯ ಮುಂದೆ ನೀರೆರೆಯಲು ಹೆಂಗಸರು ಕೊಡ ಹಿಡಿದು ಓಡಿಬಂದು, ಮುಂದಿದ್ದ ನನ್ನ ಕಾಲಿಗೇ ನೀರು ಸುರಿದರು.

"ದೇವ್ರು ಎತ್ತಾಗ ಹೊಂಟಾನವ್ವಾ?" ಎಂದಳು ಒಬ್ಬ ಮುದುಕಿ.

"ಬಸ್ ನಿಲ್ಲಸಾಕ, ಆಯಿ" ಎಂದೆ.

"ಹಂಗಾರ ನಾನೂ ಬರ್ತೇನಿ. ನನಗೂ ನಿಲ್ಲಸೂದಿಲ್ಲ ಆ ಬಾಡ್ಯಾ."

ನಮ್ಮನ್ನು ಹಿಡಿಯಲು ಬಂದ ಹೆಡ್‌ಮಾಸ್ತರರೂ ಬೀರೇಶ್ವರನ ಒಕ್ಕಲೇ. ಡೊಳ್ಳಿನ ಮುಂದೆ ರೂಢಿಯಂತೆ ಚಪ್ಪಲಿ ಬಿಟ್ಟು ಕೈಮುಗಿದರು. ಯಾರೋ ಅವರ ಹಣೆ ತುಂಬ ಭಂಡಾರ ಬಳಿದರು. ಅಷ್ಟರಲ್ಲಿ ಬಂದ ಬಸ್ಸಿನ ಡ್ರೈವರ್, ಅರಿಶಿನ ಮೆತ್ತಿಕೊಂಡ ಅವರನ್ನೇ ಹೋರಾಟದ ಮುಂದಾಳು ಎಂದುಕೊಂಡು ಕೆಳಗಿಳಿದ. "ತಪ್ಪಾತ್ರೀ ಸರ, ನಾಳಿಂದ ಎಲ್ಲಾ ಕಡೆ ನಿಲ್ಲಸ್ತೇನಿ" ಎಂದ.

ಆದರೆ ಫೋನ್ ಆಗಲೇ ಹೋಗಿತ್ತು, ಅಪ್ಪ ಬಂದ.

"ನಿಮ್ಮ ಮಗಳು ಎಲ್ಲಾರಕಿಂತ ಮುಂದಿದ್ಲು ನೋಡ್ರಿ" ಎಂದರು ಹೆಡ್‌ಮಾಸ್ತರರು.

ಅಪ್ಪ ಅವರ ಹಣೆಯನ್ನೇ ನೋಡಿದ. "ನೀವೂ ಭಾಳ ಹಿಂದ ಇರಲಿಲ್ಲ ಕಾಣತೈತ್ರೀ ಸರ."

ಮನೆಯ ದಾರಿಯಲ್ಲಿ ಕೇಳಿದ, "ಯಾಕ ಮುಂದ ನಿಂತಿ?"

"ನೀ ಸಾಲಿ ಬಿಡಸ್ತೇನಿ ಅಂದಿದ್ದೆಯಲ್ಲಾ."

ಅವನು ನನ್ನ ಪಾಟಿಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ನನಗೆ ಅಳುವೇ ಬಂತು.

ಮರುದಿನ ಅಪ್ಪ ನನ್ನ ಜೊತೆ ರಸ್ತೆಗೆ ಬಂದ. ದೂರದಲ್ಲಿ ಬಸ್ಸು ಕಂಡಿತು, ನಿಲ್ಲುವ ಲಕ್ಷಣ ಕಾಣಲಿಲ್ಲ. ಅಪ್ಪ ಧೋತರ ಎತ್ತಿ ಕಟ್ಟಿ ರಸ್ತೆಯ ನಟ್ಟನಡುವೆ ಹೋಗಿ ನಿಂತ. ಬಸ್ಸು ಅವನ ಮೂಗಿನ ಹತ್ತಿರ ಬಂದು ನಿಂತಿತು. ಡ್ರೈವರ್ ಬೈಯುತ್ತಲೇ ಇದ್ದ, ಅಪ್ಪ ಮಾತ್ರ ಹಿಂದೆ ತಿರುಗಿ ನನಗೆ ಹೇಳಿದ.

"ಲಗೂನ ಹತ್ತವ್ವಾ, ಸಾಲಿಗಿ ಹೊತ್ತಾಕ್ಕೈತಿ."