ಅರಮನೆಯಲ್ಲಿ ಎರಡು ಗುಂಪು

ಅವ್ವ ತೀರಿಕೊಂಡ ಮೇಲೆ ನಮ್ಮನೇಲಿ ಕನ್ನಡ ಆಡೋಳು ನಾನೊಬ್ಬಳೇ. ಗಂಡನಿಗೂ ಮಕ್ಕಳಿಗೂ ಅರ್ಥ ಆಗ್ತೈತೆ, ಆದ್ರೆ ಉತ್ತರ ಬರೋದು ತಮಿಳಲ್ಲೇ. ಅದಕ್ಕೇ ರಜಾದಾಗೆ ಹಠ ಹಿಡಿದು ಎಲ್ಲರನ್ನೂ ಮೈಸೂರು ಅರಮನೆ ನೋಡೋಕೆ ಕರ್ಕೊಂಡೋದೆ. ಊರಲ್ಲಿ ಆಡ್ಕೊಳ್ಳೋ ಹಂಗೆ ನಮ್ಮ ಮಾತು ಬರೀ ಕುರಿ ಕಾಯೋರದಲ್ಲ, ರಾಜರು ಆಡಿದ್ದೂ ಇದೇ ಅಂತ ಮಕ್ಕಳ ಕಿವಿಗೆ ಬೀಳಲಿ ಅಂತ ನನ್ನಾಸೆ.

ಬಾಗಿಲಲ್ಲಿ ನಿಂತಿದ್ದ ಗೈಡಿಗೆ, "ಅಣ್ಣಾ, ಧರ್ಮಪುರಿ ಕಡೆಯಿಂದ ಬಂದಿದೀವಿ. ಒಳಗೆ ಏನೇನೈತೆ ಅಂತ ಕನ್ನಡದಾಗೇ ಯೋಳಿ" ಅಂದೆ.

ಅವನು ನನ್ನ ಮಾತು ಕೇಳಿ ನಕ್ಕ. "ತಮಿಳು ಗೈಡ್ ಆ ಕಡೆ ಇದ್ದಾರೆ ಅಮ್ಮ" ಅಂದ.

ಮಕ್ಕಳು ಖುಷಿಯಾಗಿ ಆ ಕಡೆ ಓಡಿದ್ರು. ಅವರಪ್ಪನೂ ಹಿಂದೇನೇ ನಡೆದ್ರು. ನನಗೆ ರೇಗೋಯ್ತು. ಬೇಕಂತಲೇ ಕನ್ನಡದ ಗುಂಪಿನ ಹಿಂದೆ ಸೇರಿಕೊಂಡೆ. ಆ ಗೈಡ್ ಪುಸ್ತಕ ಓದಿದಂಗೆ ಮಾತಾಡ್ತಿದ್ದ, ಅರ್ಧ ನನ್ನ ತಲೆಗೆ ಹೋಗಲಿಲ್ಲ. ಕಂಬದ ಆಚೆಯಿಂದ ಬರ್ತಿದ್ದ ತಮಿಳು ಮಾತ್ರ ಒಂದೊಂದು ಮಾತೂ ತಿಳೀತಿತ್ತು. ನನ್ನ ಮಕ್ಕಳು ನಗ್ತಿದ್ದದ್ದೂ ಕೇಳಿಸ್ತಿತ್ತು.

ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ಳುವಾಗ, ಇಷ್ಟೊತ್ತು ಎಲ್ಲಿದ್ದೆ ಅಂತ ಮಗಳು ತಮಿಳಲ್ಲಿ ಕೇಳಿದಳು. ಅವಳು ಹುಟ್ಟಿದಾಗಿಂದ ಮೊದಲನೇ ಸಲ, ನಾನೂ ತಮಿಳಲ್ಲೇ ಉತ್ತರ ಕೊಟ್ಟೆ.