ಬಿಟ್ಟುಬಿಡಿ ಎಂದ ಸಾಲು

ಪರದೆಯ ಮೇಲೆ ಒಬ್ಬ ಸೈನಿಕ ಕೆಸರಿನಲ್ಲಿ ಬಿದ್ದು ನೀರು ಕೇಳುತ್ತಿದ್ದ. ಅದೇ ಹೊತ್ತಿಗೆ ನನ್ನ ಹಿಂದೆ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆದ ಸದ್ದು, ಆಮೇಲೆ ಖಾಕ್ರಾ ಮುರಿದ ಸದ್ದು ಕೇಳಿಸಿತು. ಖಾಕ್ರಾ ಎಂದರೆ ನಮ್ಮ ಖಡಕ್ ರೊಟ್ಟಿಯ ಗೋಧಿ ತಂಗಿ; ಸದ್ದು ಮಾಡದೆ ತಿನ್ನಲು ಬರುವುದಿಲ್ಲ. ಡಬ್ಬಿ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರವೂ ಬಂತು. "ಲೋ ಬೆನ್," ತಗೋಮ್ಮಾ ಎಂದರು ಒಬ್ಬ ಅಜ್ಜಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಅಳುತ್ತಲೇ ತಿನ್ನುವ ಪ್ರೇಕ್ಷಕರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಕಡೆ ಸಾವಿನ ಮುಂದೆ ಯಾರೂ ಬಾಯಾಡಿಸುವುದಿಲ್ಲ, ಅದು ಸಿನಿಮಾದ ಸಾವಾದರೂ ಸರಿ.

ಬೈಲಹೊಂಗಲದ ಕಡೆಯ ಹಳ್ಳಿಯಿಂದ ವಡೋದರಾಕ್ಕೆ, ಒಂದು ರಾಸಾಯನಿಕ ಕಾರ್ಖಾನೆಯ ಲ್ಯಾಬಿಗೆ ನಾನು ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಸುಲಭವಾಗಿ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಮದುವೆಯಾಗದವಳು, ದಕ್ಷಿಣದವಳು, ಮೇಲಾಗಿ ಮಾಂಸ ತಿನ್ನುವವಳು. ಸುಳ್ಳು ಹೇಳಿದ್ದರೆ ಎಲ್ಲೋ ಒಂದು ಕಡೆ ಸಿಗುತ್ತಿತ್ತೇನೋ, ಆದರೆ ತಿಂದದ್ದನ್ನು ತಿಂದೆ ಎನ್ನಲು ನನಗೇನು ಭಯ? ಕೊನೆಗೆ ಫತೇಗಂಜ್‌ನ ಕೋಕಿಲಾಬೆನ್ ಎಂಬ ವಿಧವೆ, "ಹೊರಗೆ ತಿಂದು ಬಾ, ಒಳಗೆ ತರಬೇಡ" ಎಂದು ಮಹಡಿಯ ಕೋಣೆ ಕೊಟ್ಟರು. ಅವರ ಮನೆ ಇದ್ದದ್ದು ಒಂದು 'ಸೊಸೈಟಿ'ಯಲ್ಲಿ. ಸೊಸೈಟಿ ಎಂದರೆ ಒಂದೇ ಗೇಟಿನೊಳಗಿನ ಹತ್ತಾರು ಮನೆ. ಅಲ್ಲಿ ಬಾಡಿಗೆಗೆ ಯಾರು ಇರಬೇಕು, ಯಾರು ಇರಬಾರದು ಎಂಬುದರಲ್ಲಿ ಸೆಕ್ರೆಟರಿಯ ಮಾತೇ ಮಾತು. ಆ ಕೋಣೆ ಕೈತಪ್ಪಿದರೆ ನಾನು ಮತ್ತೆ ಬೀದಿ ಬೀದಿ ಅಲೆಯಬೇಕಿತ್ತು.

ಉತ್ತರಾಯಣ, ಅಂದರೆ ಇಲ್ಲಿನ ಸಂಕ್ರಾಂತಿಯ ಗಾಳಿಪಟದ ಹಬ್ಬ, ಮುಗಿದ ವಾರ ಅದು. ಕರೆಂಟಿನ ತಂತಿಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು. ಗಡಿಯಲ್ಲಿ ಎರಡೂ ದೇಶದ ಸೈನ್ಯಗಳು ಎದುರುಬದುರು ನಿಂತಿದ್ದವು. ನನ್ನ ಅಣ್ಣನೂ ಅಲ್ಲಿದ್ದ, ರಾಜಸ್ಥಾನದ ಮರಳಿನಲ್ಲಿ. ಅಂಥ ಹೊತ್ತಿನಲ್ಲಿ ಯೂನಿವರ್ಸಿಟಿಯ ಫಿಲ್ಮ್ ಕ್ಲಬ್ಬಿನವರು ಸೊಸೈಟಿಯ ಹಾಲಿನಲ್ಲಿ ಯುದ್ಧವನ್ನೇ ಬೇಡವೆನ್ನುವ ಹಳೆಯ ವಿದೇಶಿ ಚಿತ್ರವೊಂದನ್ನು ಹಾಕಿದರು. ಕಪ್ಪು ಬಿಳುಪು, ಕೆಳಗೆ ಇಂಗ್ಲಿಷ್ ಅಕ್ಷರ. ಹಿರಿಯರಿಗೆ ಅದು ಅರ್ಥವಾಗದೆಂದು, ಸಾಲುಗಳನ್ನು ಹಿಂದಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕೆಲಸ, ಲ್ಯಾಬಿನಲ್ಲಿ ಇಂಗ್ಲಿಷ್ ಆಡುವವಳೆಂದು, ನನಗೆ ಬಂತು. ನನ್ನ ಹಿಂದಿಯೋ, ದೇವರಿಗೇ ಪ್ರೀತಿ.

ನಮ್ಮೂರಿನ ಟೆಂಟಿನಲ್ಲಿ ನಾವು ಹೀರೋಗೆ ಸಿಳ್ಳೆ ಹಾಕುತ್ತಿದ್ದೆವು. ಇಲ್ಲಿನ ಹೆಂಗಸರು ಪರದೆಯ ಜೊತೆಗೇ ಮಾತಾಡುತ್ತಿದ್ದರು. ಹುಡುಗ ಸೈನಿಕ ಚಳಿಯಲ್ಲಿ ನಡುಗಿದರೆ "ಅರೆ ದೀಕರಾ!", ಅಯ್ಯೋ ಮಗನೇ, ಎನ್ನುತ್ತಿದ್ದರು. ಮುಂದಿನ ಸಾಲಿನ ಗಂಡಸರು ಮಾತ್ರ ಕುರ್ಚಿಯಲ್ಲಿ ಹೊರಳಾಡತೊಡಗಿದರು. ಚಿತ್ರದಲ್ಲಿ ಬಿದ್ದ ಗೆಳೆಯನಿಗೆ ನೀರು ಕುಡಿಸಿ ಇನ್ನೊಬ್ಬ ಸೈನಿಕ, "ನಮ್ಮನ್ನು ಇಲ್ಲಿಗೆ ಕಳಿಸಿದವರಲ್ಲಿ ಒಬ್ಬನೂ ಇಲ್ಲಿಗೆ ಬಂದಿಲ್ಲ" ಎಂದ. ನಾನು ಅರ್ಧ ಓದಿದ್ದೆ, ಅಷ್ಟರಲ್ಲಿ ಸೆಕ್ರೆಟರಿ ಮಹೇಂದ್ರಭಾಯಿ ಎದ್ದು ನಿಂತು ಚಿತ್ರ ನಿಲ್ಲಿಸಿದರು.

"ಬೆನ್, ಎ ರಹೇವಾ ದೋ," ಅದನ್ನು ಬಿಟ್ಟುಬಿಡಿ ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ ಹಿಂದಿಯಲ್ಲಿ, "ಇಂಥ ಸಮಯದಲ್ಲಿ ಇಂಥ ಮಾತೆ? ಸೈನಿಕರ ಮನೆಯವರು ಕೇಳಿದರೆ ಏನೆಂದುಕೊಂಡಾರು?"

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಲ್ಯಾಬಿನಲ್ಲಿ ಇಂಗ್ಲಿಷ್, ತರಕಾರಿಗೆ ಗುಜರಾತಿ, ಆಟೋದವನಿಗೆ ಹಿಂದಿ ಎಂದು ಹೇಗೋ ನಿಭಾಯಿಸುತ್ತಿದ್ದೆ. ಸಿಟ್ಟಿಗೆಂದು ಇಟ್ಟುಕೊಂಡಿದ್ದ ಭಾಷೆ ಒಂದೇ. ಬಾಯಿ ತೆರೆದರೆ ಅಚ್ಚ ಬೈಲಹೊಂಗಲ ಹೊರಬಿತ್ತು.

"ಸೈನಿಕರ ಮನಿಯವರು ಏನ ಅಂತಾರ ಅಂತ ನಿಮಗೇನ ಗೊತ್ತರಿ? ನಾನ ಸೈನಿಕರ ಮನಿಯಾಕಿ. ನಮ್ಮಣ್ಣ ಅಲ್ಲಿ ಮರಳಾಗ ನಿಂತಾನ. ಅವಂಗ ಧೈರ್ಯ ಐತಿ, ಅದನ್ನ ನೀವೇನ ಕಲಸೂದ ಬ್ಯಾಡ. ನಮಗ ಅವ ಬೇಕಾಗ್ಯಾನ. ಜೀವಂತ ಬೇಕಾಗ್ಯಾನ!"

ಅಲ್ಲಿ ನನ್ನ ಮಾತಿನ ಒಂದು ಅಕ್ಷರವೂ ಯಾರಿಗೂ ತಿಳಿದಿರಲಿಲ್ಲ, ಒಬ್ಬರ ಹೊರತು. ಬಾಗಿಲ ಬಳಿ ಚಹಾದ ಕೆಟಲ್ ಹಿಡಿದು ನಿಂತಿದ್ದವರು ಗಲ್ಲಿಯ ಉಡುಪಿ ಹೋಟೆಲಿನ ಶೆಟ್ಟರು. ಸೊಸೈಟಿಯ ಪ್ರತಿ ಸಮಾರಂಭಕ್ಕೂ ತಿಂಡಿ ಅವರದೇ. ಸೆಕ್ರೆಟರಿ ಅವರನ್ನೇ ಕೇಳಿದರು: "ಶೆಟ್ಟಿಜೀ, ಶುಂ ಕಹೇ ಛೇ?" ಏನಂತಾಳೆ ಇವಳು?

ಹೋಟೆಲಿನವರ ನಾಲಿಗೆ ಎಷ್ಟು ನಯವೆಂದು ನನಗೆ ಗೊತ್ತಿತ್ತು. ಗಿರಾಕಿಗಳ ಜಗಳವನ್ನು ಚಟ್ನಿ ಹಾಕಿ ತಣಿಸುವ ಮನುಷ್ಯ. ಕ್ಷಮೆ ಕೇಳುತ್ತಿದ್ದಾಳೆ ಎಂದು ಹೇಳಿ ಮುಗಿಸುತ್ತಾರೆ ಎಂದುಕೊಂಡೆ. ಶೆಟ್ಟರು ಕೆಟಲನ್ನು ಕೆಳಗಿಟ್ಟು, ನಾನು ಹೇಳಿದ ಅಷ್ಟನ್ನೂ ಗುಜರಾತಿಯಲ್ಲಿ, ಒಂದು ಮಾತನ್ನೂ ಮೆದು ಮಾಡದೆ ಹೇಳಿದರು.

ಮಹೇಂದ್ರಭಾಯಿ ನನ್ನತ್ತ ನೋಡಲಿಲ್ಲ, ಕೋಕಿಲಾಬೆನ್ ಕಡೆ ನೋಡಿದರು. ನಿಮ್ಮ ಬಾಡಿಗೆಯವಳು ಎಂಬ ನೋಟ. ಈಗ ಗಂಟುಮೂಟೆ ಕಟ್ಟುವುದೇ ಸರಿ ಅನ್ನಿಸಿತು. ಕೋಕಿಲಾಬೆನ್ ಕೂತಲ್ಲಿಂದಲೇ, "ವಾಂಚ್, ದೀಕರೀ" ಎಂದರು. ಓದು ಮಗಳೇ.

ಬಿಟ್ಟುಬಿಡಿ ಎಂದ ಸಾಲನ್ನು ಮೊದಲಿನಿಂದ ಓದಿದೆ. ಕೆಲವರು ಎದ್ದು ಹೋದರು. ಹೆಂಗಸರು ಒಬ್ಬರೂ ಏಳಲಿಲ್ಲ.

ಇದನ್ನು ಗೆಲುವೆಂದು ಮೆರೆಸಲಾರೆ. ಕ್ಲಬ್ಬಿಗೆ ಹಾಲ್ ಮತ್ತೆ ಸಿಗಲಿಲ್ಲ. ಸೊಸೈಟಿಯ ಮುಂದಿನ ಸಮಾರಂಭದ ತಿಂಡಿ ಬೇರೆಯವರ ಪಾಲಾಯಿತು. ನಾನು ಸಂಕಟಪಟ್ಟರೆ ಶೆಟ್ಟರು, "ಎಂತ ಮಾರಾಯ್ತಿ, ಕೇಳಿದ್ರು, ಹೇಳಿದೆ. ಇದ್ದದ್ದನ್ನು ಹೇಳ್ಲಿಕ್ಕೆ ಎಂತ ಹೆದರಿಕೆ?" ಎಂದು ದೋಸೆ ತಿರುವಿದರು. ಕೋಕಿಲಾಬೆನ್‌ಗೆ ಚಿತ್ರವೇ ಹಿಡಿಸಿರಲಿಲ್ಲವಂತೆ. "ಆದರೆ ನನ್ನ ಮನೆಯಲ್ಲಿ ಯಾರಿರಬೇಕು ಅಂತ ಅವನೇನು ಕಣ್ಣಲ್ಲಿ ಹೇಳೋದು?" ಎಂದರು. ಕೋಣೆ ಉಳಿಯಿತು. ಗೇಟಿನಲ್ಲಿ ಕೆಲವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ, ನಾನೂ ನೆಟ್ಟಗೆ ನಡೆದೇ ಹೋಗುತ್ತೇನೆ.

ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಎಲ್ಲ ಹೇಳಿದೆ. ಪರಸ್ಥಳದಲ್ಲಿ ಬಾಯಿ ಮಾಡಿದ್ದಕ್ಕೆ ಬೈಯುತ್ತಾಳೆಂದು ಕಾದೆ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನ ಯೂನಿಫಾರ್ಮಿನ ಫೋಟೊ ಹಾಕಿದ್ದಾರೆ, ಶಾಲೆಯಲ್ಲಿ ಅವ್ವನನ್ನು ಕರೆದು ಸನ್ಮಾನ ಮಾಡಿದ್ದಾರೆ. ಅವಳು ಬೈಯಲಿಲ್ಲ, ಪಕ್ಕದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಇಲ್ಲಿ ಎಲ್ಲಾರೂ ವೀರನ ತಾಯಿ ಅಂತಾರವಾ. ನನಗ ಅಂಜಿಕಿ ಬಂದೈತಿ ಅಂತ ಯಾರ ಮುಂದ ಹೇಳ್ಲಿ? ನೀ ಅಲ್ಲೆರ ಹೇಳಿದೆಲ್ಲ, ಬಿಡು."

ಅಂದಿನಿಂದ ನನ್ನೂರು ಯಾವುದೆಂದು ಕೇಳಿದರೆ ತಡವರಿಸುತ್ತೇನೆ. ಇಲ್ಲಿ ನಾನು ಹೊರಗಿನವಳು, ಆದರೂ ಒಬ್ಬಾಕೆ ಓದು ಎಂದರು. ಅಲ್ಲಿ ಅವ್ವ ಹುಟ್ಟಿನಿಂದ ಊರಿನವಳು, ಆದರೂ ಫೋನಿನಲ್ಲಿ ಪಿಸುಗುಡಬೇಕು. ಊರಿನವರೇ, ನೀವು ಇದನ್ನು ಓದುತ್ತೀರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮವ್ವನಿಗೆ ಅಂಜಿಕೆಯಾಗಿದೆ. ಮುಂದಿನ ಸಲ ಹಾರ ಹಿಡಿದು ಬಂದಾಗ, ಮೊದಲು ಅವಳ ಪಕ್ಕ ಕುಳಿತು ಅದನ್ನು ಕೇಳಿಸಿಕೊಳ್ಳಿ.